ಗುಂಪಿಗೆ ಸೇರದ ಕಸ್ತೂರಕ್ಕ

ಈ ವರ್ಷದ, ಅಂದರೆ 2007ರ, ಮಾರ್ಚ್ ತಿಂಗಳ ಒಂದು ಶನಿವಾರ, ವೆಸ್ಟ್ ಕೊವಿನಾದ ಒಂದು ಸಭೆಯಲ್ಲಿ ನಾನು ಒಂದೇ ಪ್ರಸ್ತಾಪದ ಪರವಾಗಿಯೂ ಸಹಿ ಹಾಕಿದೆ, ವಿರೋಧವಾಗಿಯೂ ಸಹಿ ಹಾಕಿದೆ.

ತಮಾಷೆಗಲ್ಲ. ಕಣ್ತಪ್ಪಿಯೂ ಅಲ್ಲ. ಕನ್ನಡಕ ಏರಿಸಿಕೊಂಡು, ಎರಡೂ ಹಾಳೆಗಳ ತಲೆಬರಹ ಓದಿಯೇ ಹಾಕಿದೆ.

ಮೇಜಿನ ಹಿಂದೆ ಕೂತಿದ್ದ ಬೆಳ್ಳಿಕೂದಲಿನ ಹೆಂಗಸು ಎರಡೂ ಹಾಳೆ ನೋಡಿದರು. ನನ್ನನ್ನೂ ನೋಡಿದರು. "ಮ್ಯಾಮ್, ಯಾವುದಾದರೂ ಒಂದರಲ್ಲಿ ಮಾತ್ರ" ಎಂದರು.

"ಯಾವುದರಲ್ಲಿ?" ಎಂದು ಕೇಳಿದೆ.

ಪಾಪ, ಅವರಾದರೂ ಏನು ಹೇಳಬೇಕು?

ಮನೆಗೆ ಬಂದು ಹೇಳಿದರೆ ಮಗಳು ಅನು "ಅಮ್ಮಾ, ಜಸ್ಟ್ ಪಿಕ್ ಒನ್!" ಎಂದು ಕಣ್ಣು ಹೊರಳಿಸಿದಳು. ಅವಳಿಗೆ ಹದಿನೈದು. ಆ ವಯಸ್ಸಿನಲ್ಲಿ ಯಾವುದನ್ನೂ ಆರಿಸುವುದು ಕಷ್ಟವಲ್ಲ. ನಲವತ್ಮೂರಕ್ಕೆ ಬಂದ ಮೇಲೆ ಕೆಲವು ಪ್ರಶ್ನೆಗಳ ಎರಡೂ ಬದಿಯಲ್ಲಿ ನಮ್ಮ ಪರಿಚಯದವರೇ ನಿಂತಿರುತ್ತಾರೆ. ನನ್ನ ವಿಷಯದಲ್ಲಿ ಒಂದು ಬದಿಯಲ್ಲಿ ಕಸ್ತೂರಕ್ಕ ನಿಂತಿದ್ದರು. ಇನ್ನೊಂದು ಬದಿಯಲ್ಲಿ ನಾನೇ ನಿಂತಿದ್ದೆ.

ಕಸ್ತೂರಕ್ಕ ಯಾರೆಂದು ಹೇಳುತ್ತೇನೆ. ಲಾಸ್ ಏಂಜಲಿಸ್‌ನ ಪೂರ್ವಕ್ಕಿರುವ ವೆಸ್ಟ್ ಕೊವಿನಾದಲ್ಲಿ, ಲಾಂಡ್ರಿಗೂ ಡೋನಟ್ ಅಂಗಡಿಗೂ ನಡುವೆ ಅವರದೊಂದು ಪುಟ್ಟ ಟೈಲರಿಂಗ್ ಅಂಗಡಿ. ಊರು ಬೈಲಹೊಂಗಲ. ವಯಸ್ಸು ಐವತ್ತೊಂದು. ನಾನಿರುವುದು ನಾರ್ತ್‌ರಿಜ್‌ನಲ್ಲಿ, ಅಂದರೆ ಊರಿನ ಇನ್ನೊಂದು ತುದಿ. ಒಂದು ಬ್ಲೌಸ್ ಹೊಲಿಸಲು ಮೂರು ಫ್ರೀವೇ ಬದಲಿಸಿ ಹೋಗುತ್ತೇನೆಂದರೆ ಅವರ ಕೈ ಹೇಗಿರಬೇಕು ನೀವೇ ಯೋಚಿಸಿ. (ತೋಳಿನ ಹತ್ತಿರ ಎಳೆಯದ ಬ್ಲೌಸ್ ಹೊಲಿಯುವವರು ಭೂಮಿಯ ಮೇಲೆ ಎಷ್ಟು ಜನ ಇದ್ದಾರೆ? ಹೆಂಗಸರಿಗೆ ಗೊತ್ತು.) ಅಂಗಡಿಯಲ್ಲಿ ಅವರ ಜೊತೆಗೆ ರೋಸಾ ಎಂಬ ಮೆಕ್ಸಿಕೋದ ಹೆಂಗಸು ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದರು. ಉಳಿದ ದಿನ ರೋಸಾ ಮನೆಗಳನ್ನು ಕ್ಲೀನ್ ಮಾಡಲು ಹೋಗುತ್ತಿದ್ದರು. ಒಬ್ಬರಿಗೆ ಸ್ಪ್ಯಾನಿಷ್ ಬರುವುದಿಲ್ಲ, ಇನ್ನೊಬ್ಬರಿಗೆ ಕನ್ನಡ ಬರುವುದಿಲ್ಲ. ಇಬ್ಬರಿಗೂ ಬರುತ್ತಿದ್ದ ಅಷ್ಟಿಷ್ಟು ಇಂಗ್ಲಿಷಿನಲ್ಲಿ ದಿನವಿಡೀ ಮಾತು, ನಗು.

ಕಸ್ತೂರಕ್ಕ ಮತ್ತು ಅವರ ಗಂಡ ಕೆಲವು ವರ್ಷಗಳ ಹಿಂದೆ ಬೇರೆಯಾದರು. ಕಾರಣ ನಮಗೆ ಬೇಡ. ಆದರೆ ಒಂದು ವಿಷಯ ಹೇಳಲೇಬೇಕು. ಅವರ ಹೆಲ್ತ್ ಇನ್ಶೂರೆನ್ಸ್ ಇದ್ದದ್ದು ಗಂಡನ ಕಂಪನಿಯ ಮೂಲಕ. ಗಂಡ ಹೋದಾಗ ಅದೂ ಹೋಗಬೇಕಿತ್ತು. ದುಬಾರಿ ಕಂತನ್ನು ತಾನೇ ಕಟ್ಟಿಕೊಂಡು ಇನ್ನು ಮೂರು ವರ್ಷ ಮುಂದುವರಿಸಬಹುದು ಎಂದು ಕಾನೂನು ಹೇಳುತ್ತದೆ. ಮುಂದುವರಿಸಿದರು. ಆ ಮೂರು ವರ್ಷವೂ ಮುಗಿಯಿತು. ಅದು ಮುಗಿದ ಮೇಲೆ ಒಂದು ಗಡುವಿನ ಒಳಗೆ ಅಪ್ಲೈ ಮಾಡಿದರೆ ಕಂಪನಿಗಳು ಇಲ್ಲ ಅನ್ನುವಂತಿಲ್ಲವಂತೆ. ಈ ಸಂಗತಿ ಕಸ್ತೂರಕ್ಕನಿಗೆ ಗೊತ್ತಾದದ್ದು ಗಡುವು ಮುಗಿದ ಮೇಲೆ.

ಗಡುವುಗಳ ಬಗ್ಗೆ ಇಲ್ಲಿ ಎಲ್ಲರಿಗೂ ಗೊತ್ತಾಗುವುದು ಹಾಗೆಯೇ ಅಲ್ಲವೇ?

ಸರಿ, ತಾವೇ ಒಂದು ಪಾಲಿಸಿ ಕೊಳ್ಳಲು ಹೋದರು. ಫಾರಂನಲ್ಲಿ ಪುಟಗಟ್ಟಲೆ ಪ್ರಶ್ನೆಗಳು. ಯಾವ ಕಾಯಿಲೆ, ಯಾವ ಟೆಸ್ಟ್, ಯಾವಾಗ, ಯಾಕೆ? ಹಿಂದೊಮ್ಮೆ ಎದೆಯಲ್ಲಿ ಒಂದು ಗಂಟು ಕಾಣಿಸಿ, ಬಯಾಪ್ಸಿ ಮಾಡಿ, ಏನೂ ಇಲ್ಲ ಎಂದು ಡಾಕ್ಟರ್ ಹೇಳಿದ್ದರು. ಕಸ್ತೂರಕ್ಕ ಅದನ್ನು ಪ್ರಾಮಾಣಿಕವಾಗಿ ಬರೆದರು. ನಿಮ್ಮ ಆಸಕ್ತಿಗೆ ಧನ್ಯವಾದ, ಆದರೆ ನಿಮಗೆ ಪಾಲಿಸಿ ಕೊಡಲಾಗುವುದಿಲ್ಲ ಎಂದು ಬಹಳ ಸೌಜನ್ಯದ ಪತ್ರ ಬಂತು. ಇನ್ನೊಂದು ಕಡೆ ಪ್ರಯತ್ನಿಸಿದರು. ಅಲ್ಲೂ ಸೌಜನ್ಯ.

"ಏನೂ ಇಲ್ಲಂತ ಡಾಕ್ಟರೇ ಬರದಾರ. ಏನೂ ಇಲ್ಲದ್ದಕ್ಕ ಬ್ಯಾಡ ಅಂತಾರಲ್ಲವಾ, ಏನರ ಇದ್ದಿದ್ರ ಏನಂತಿದ್ರು?" ಎಂದು ನನ್ನನ್ನು ಕೇಳಿದರು.

ಅಂಗಡಿಯ ಹೆಸರಿನಲ್ಲಿ ಗ್ರೂಪ್ ಪಾಲಿಸಿ ತೆಗೆದುಕೊಂಡರೆ ಕಾಯಿಲೆಯ ಪ್ರಶ್ನೆ ಕೇಳಿ ತಿರಸ್ಕರಿಸುವ ಹಾಗಿಲ್ಲ ಎಂದು ಯಾರೋ ಹೇಳಿದರು. ಏಜೆಂಟನ್ನು ಕೇಳಿದರೆ, ಗ್ರೂಪ್ ಆಗಬೇಕಾದರೆ ಕನಿಷ್ಠ ಇಬ್ಬರು ಫುಲ್ ಟೈಮ್ ಇರಬೇಕು ಎಂದ. ರೋಸಾ ಮೂರು ದಿನದವರು. ಹಾಗಾಗಿ ಅಂಗಡಿಯಲ್ಲಿ ಇಬ್ಬರಿದ್ದರೂ ಕಾನೂನಿನ ಲೆಕ್ಕಕ್ಕೆ ಒಬ್ಬರೇ. ಒಬ್ಬರು ಗುಂಪಲ್ಲ. ರೋಸಾ ಅವರನ್ನು ಫುಲ್ ಟೈಮ್ ಮಾಡಿಕೊಳ್ಳೋಣವೆಂದರೆ, ಇಬ್ಬರ ಕಂತನ್ನು ಎಳೆಯುವ ಶಕ್ತಿ ಆ ಅಂಗಡಿಗಿಲ್ಲ. ಹೀಗೆ ತಿರಸ್ಕೃತರಾದವರಿಗೆಂದೇ ರಾಜ್ಯದ ಒಂದು ಸ್ಕೀಮ್ ಇದೆ ಎಂದೂ ಗೊತ್ತಾಯಿತು. ಫೋನ್ ಮಾಡಿದೆವು. ಅಲ್ಲಿ ವೇಟಿಂಗ್ ಲಿಸ್ಟ್.

ನಾವು ಶಾಲೆಯಲ್ಲಿ ಓದುವಾಗ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತಲ್ಲ, ಗುಂಪಿಗೆ ಸೇರದ ಪದವನ್ನು ಆರಿಸಿ ಅಂತ? ಆ ಪದ ಮುಂದೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾವ ಮೇಷ್ಟ್ರೂ ಕೇಳಲಿಲ್ಲ.

ಇನ್ನು ನನ್ನ ಕಥೆ. ನಾನು ನಾರ್ತ್‌ರಿಜ್‌ನ ಸ್ಟೇಟ್ ಯೂನಿವರ್ಸಿಟಿಯ ಆಫೀಸಿನಲ್ಲಿ ಗುಮಾಸ್ತೆ. ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳದ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಇನ್ಶೂರೆನ್ಸ್ ಮಾತ್ರ ಭರ್ಜರಿ. ಯಾಕೆಂದರೆ ರಾಜ್ಯ ಸರ್ಕಾರ ತನ್ನ ಎಲ್ಲ ನೌಕರರಿಗೂ ಒಟ್ಟಿಗೆ ಸೇರಿಸಿ ಕೊಳ್ಳುತ್ತದೆ. ಮದುವೆಗೆ ಎರಡೂ ಕಡೆಯವರು ಸೇರಿ ಒಂದೇ ಅಂಗಡಿಯಲ್ಲಿ ಸೀರೆ ತೆಗೆದರೆ ಅಂಗಡಿಯವರು ರೇಟು ಇಳಿಸಿ, ಕಾಫಿಯನ್ನೂ ತರಿಸುತ್ತಾರಲ್ಲ, ಹಾಗೆ. ಲಕ್ಷಗಟ್ಟಲೆ ಜನ ಒಟ್ಟಿಗೆ ಬಂದರೆ ಇನ್ಶೂರೆನ್ಸ್ ಕಂಪನಿಗಳೂ ಬಗ್ಗುತ್ತವೆ. ಆ ಗುಂಪಿನಲ್ಲಿ ಯಾರಿಗೆ ಯಾವ ಗಂಟಿದೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯವರು, ರಘು, ಟೆಲಿಕಾಂ ಕಂಪನಿಯಲ್ಲಿ ಎರಡು ಸಲ ಲೇಆಫ್ ಆದಾಗಲೂ ನಾವು ಧೈರ್ಯವಾಗಿ ಇದ್ದದ್ದು ಅದರಿಂದ.

ಆ ಮಾರ್ಚ್‌ನ ಪ್ರಸ್ತಾಪ ರಾಜ್ಯದ ಶಾಸನಸಭೆಯ ಮುಂದೆ ಬಂದದ್ದು, ಇದೇ ಗುಂಪಿನ ಬಗ್ಗೆ. ಸರ್ಕಾರಿ ನೌಕರರ ಈ ಗುಂಪಿನ ಬಾಗಿಲನ್ನು ಖಾಸಗಿ ಅಂಗಡಿಗಳಿಗೆ, ಸಣ್ಣ ಕಂಪನಿಗಳಿಗೆ, ಒಬ್ಬೊಬ್ಬರೇ ಇರುವವರಿಗೆ ಕೂಡ ತೆರೆಯಬೇಕು. ಪುಕ್ಕಟೆಯಲ್ಲ, ಅವರ ಕಂತು ಅವರೇ ಕಟ್ಟಬೇಕು. ಗುಂಪು ಮಾತ್ರ ಒಂದೇ.

ಇದರ ಪರವಾಗಿ ಮಾತಾಡಲು ಕಸ್ತೂರಕ್ಕ ಹೆಸರು ಕೊಟ್ಟಿದ್ದರು. ಜೊತೆಗೆ ಬಾ ಎಂದು ಸಭೆಯ ಕರಪತ್ರವೊಂದನ್ನು ನನಗೂ ಕೊಟ್ಟರು. ಅದೇ ವಾರ ನಮ್ಮ ನೌಕರರ ಸಂಘದಿಂದ ನನಗೆ ಕಾಗದ ಬಂತು. ಪ್ರಸ್ತಾಪ ಅಪಾಯಕಾರಿ, ದಯವಿಟ್ಟು ಹೋಗಿ ವಿರೋಧಿಸಿ ಎಂದು. ಎರಡೂ ನನ್ನ ಒಂದೇ ಹ್ಯಾಂಡ್‌ಬ್ಯಾಗಿನಲ್ಲಿದ್ದವು.

ಜನರ ಅಭಿಪ್ರಾಯ ಕೇಳಲು ಕರೆದ ಆ ಸಭೆ ನಡೆದದ್ದು ಲೈಬ್ರರಿಯ ಹಾಲಿನಲ್ಲಿ. ಎರಡು ಮೈಕು. ಒಂದರ ಹಿಂದೆ ಪರ, ಇನ್ನೊಂದರ ಹಿಂದೆ ವಿರೋಧ. ಒಬ್ಬೊಬ್ಬರಿಗೆ ಎರಡು ನಿಮಿಷ. ಕಸ್ತೂರಕ್ಕ ಇಳಕಲ್ ಸೀರೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿಕೊಂಡು ಬಂದಿದ್ದರು. ಅವರಿಗಿಂತ ಮುಂಚೆ ವಿರೋಧದ ಮೈಕಿನಲ್ಲಿ ಎತ್ತರದ ಒಬ್ಬ ಮುದುಕರು ಮಾತಾಡಿದರು.

"ಇಪ್ಪತ್ತೆಂಟು ವರ್ಷ ರಾಜ್ಯದ ರಸ್ತೆ ರಿಪೇರಿ ಮಾಡಿದ್ದೇನೆ. ಬಿಸಿಲಲ್ಲಿ ಟಾರು ಹಾಕಿದ್ದೇನೆ. ಸಂಬಳ ಹೆಚ್ಚು ಮಾಡಕ್ಕಾಗಲ್ಲ, ಇನ್ಶೂರೆನ್ಸ್ ಚೆನ್ನಾಗಿ ಕೊಡ್ತೀವಿ ಅಂದರು. ಒಪ್ಪಿಕೊಂಡೆ. ಈಗ ನನ್ನ ಹೆಂಡತಿಗೆ ಹುಷಾರಿಲ್ಲ. ನೀವು ಬಾಗಿಲು ತೆಗೆದು, ಬೇರೆಲ್ಲೂ ಸಿಗದವರನ್ನೆಲ್ಲ ಒಳಗೆ ಬಿಟ್ಟು, ನಮ್ಮ ಕಂತು ಏರಿಬಿಟ್ಟರೆ ನಾನೆಲ್ಲಿಗೆ ಹೋಗಲಿ?"

ನನ್ನ ಪಕ್ಕದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ಕಸ್ತೂರಕ್ಕ!

"ಕಸ್ತೂರಕ್ಕ, ಅವರು ನಿಮ್ಮ ವಿರುದ್ಧ ಮಾತಾಡ್ತಿರೋದು" ಎಂದು ಪಿಸುಗುಟ್ಟಿದೆ.

"ಗೊತ್ತೈತವಾ. ಆದ್ರ ಖರೇನ ಹೇಳಾಕತ್ತಾರಲ್ಲ?"

ಆಮೇಲೆ ಅವರ ಸರದಿ. ಎದ್ದು ಹೋಗಿ, ಮೈಕನ್ನು ತಮ್ಮ ಎತ್ತರಕ್ಕೆ ಇಳಿಸಿಕೊಂಡು, ಅವರದೇ ಇಂಗ್ಲಿಷಿನಲ್ಲಿ ಹೇಳಿದರು. ತಾನು ಬಟ್ಟೆ ಹೊಲಿಯುವವಳು. ತೆರಿಗೆ ಕಟ್ಟುವವಳು. ಧರ್ಮಕ್ಕೆ ಕೇಳುತ್ತಿಲ್ಲ, ದುಡ್ಡು ಕೊಟ್ಟು ಕೊಳ್ಳುತ್ತೇನೆ ಅಂದರೂ ಮಾರುವವರಿಲ್ಲ. "ನನ್ನ ಅಂಗಡಿಗೆ ತೆಳ್ಳಗಿರುವವರೂ ಬರುತ್ತಾರೆ, ದಪ್ಪಗಿರುವವರೂ ಬರುತ್ತಾರೆ. ನಿಮ್ಮ ಅಳತೆ ಸರಿಯಿಲ್ಲ, ನಿಮಗೆ ಹೊಲಿಯಲ್ಲ ಅಂತ ನಾನು ಯಾರನ್ನಾದರೂ ವಾಪಸ್ ಕಳಿಸಿದ್ದೇನೆಯೇ?"

ಸಭೆಯೆಲ್ಲ ನಕ್ಕಿತು. ರಸ್ತೆಯ ಮುದುಕರೂ ನಕ್ಕರು. ಸಭೆ ಮುಗಿದ ಮೇಲೆ ಅವರೇ ಬಂದು ಕಸ್ತೂರಕ್ಕನ ಕೈ ಕುಲುಕಿ, "ನಿಮಗೆ ಒಳ್ಳೇದಾಗಲಿ, ಆದರೆ ನಾನು ಒಪ್ಪಲ್ಲ" ಎಂದರು. ಕಸ್ತೂರಕ್ಕ "ನಿಮ್ಮ ಮನೆಯವರನ್ನು ಚೆನ್ನಾಗಿ ನೋಡಿಕೊಳ್ಳಿ" ಎಂದರು.

ನಾನು ಆ ಎರಡು ಹಾಳೆಗಳ ಮುಂದೆ ನಿಂತದ್ದು ಇದೆಲ್ಲ ಆದ ಮೇಲೆ. ಈಗ ಹೇಳಿ, ನೀವಾಗಿದ್ದರೆ ಎಲ್ಲಿ ಸಹಿ ಹಾಕುತ್ತಿದ್ದಿರಿ?

ವಾಪಸ್ ಅವರನ್ನು ಅಂಗಡಿಯ ಹತ್ತಿರ ಬಿಡಲು ಹೋದೆ. ಪಾರ್ಕ್ ಮಾಡಿದೆ. ಕಸ್ತೂರಕ್ಕ ಇಳಿಯಲಿಲ್ಲ. ಸೀಟ್‌ಬೆಲ್ಟ್ ಬಿಚ್ಚಿ, ಎಡಗಡೆಯ ಕಂಕುಳ ಹತ್ತಿರ ಕೈಯಿಟ್ಟುಕೊಂಡು ಹೇಳಿದರು.

"ಸುಮಾ, ಇಲ್ಲೊಂದು ಗಂಟು ಐತವಾ. ಹೊಸಾದು."

"ಯಾವಾಗಿಂದ?" ಎಂದೆ.

"ದೀಪಾವಳಿ ಮುಂದ ಕೈಗೆ ಹತ್ತಿತು."

"ಡಾಕ್ಟರ್ ಏನಂದರು?"

"ಡಾಕ್ಟರ್ ಕಡೆ ಹೋಗಿಲ್ಲ."

ದೀಪಾವಳಿಯಿಂದ ಮಾರ್ಚ್‌ವರೆಗೆ! ನಾನು ರೇಗಿದೆ. ಇಷ್ಟು ಓದು ಬರಹ ಗೊತ್ತಿರುವವರು, ಹೀಗೆ ಮಾಡಬಹುದಾ ಎಂದೆ. ಕ್ಲಿನಿಕ್‌ಗಳಿವೆ, ಪುಕ್ಕಟೆ ಟೆಸ್ಟ್ ಮಾಡುವವರಿದ್ದಾರೆ, ಸೋಮವಾರವೇ ನಾನು ಕರೆದುಕೊಂಡು ಹೋಗುತ್ತೇನೆ ಎಂದೆ.

ಕಸ್ತೂರಕ್ಕ ನಾನು ಕೂಗಾಡಿ ಮುಗಿಸಲಿ ಎಂದು ಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಹೋದ್ರ ಬರೀತಾರ. ಒಮ್ಮೆ ಬರದ್ರ ಮುಗೀತಲ್ಲವಾ. ಏನೂ ಇಲ್ಲದ್ದಕ್ಕ ಬ್ಯಾಡ ಅಂದಾರ. ಇದನ್ನೂ ಬರದ ಮ್ಯಾಲ ಯಾರು ತಗೋತಾರ ನನ್ನ? ಮೊದಲ ಒಂದು ಪಾಲಿಸಿ ಸಿಗಲಿ. ಆಮ್ಯಾಲ ತೋರಸ್ತೇನಿ."

"ಅಷ್ಟರಲ್ಲಿ ಏನಾದರೂ ಆದರೆ?"

"ಅದಕ್ಕ ನನಗೂ ನಿದ್ದಿ ಹತ್ತೂದಿಲ್ಲ" ಎಂದು ಇಳಿದು ಹೋದರು.

ಅರ್ಧ ಗಂಟೆಯ ಹಿಂದಷ್ಟೇ ನಾನು ವಿರೋಧದ ಹಾಳೆಯಲ್ಲಿ ನನ್ನ ಪೂರ್ತಿ ಹೆಸರು ಬರೆದು ಬಂದಿದ್ದೆ. ಕಾರಿನ ಗಾಜಿನಾಚೆ ಅಂಗಡಿಯೊಳಗೆ ರೋಸಾ ಏನೋ ಹೇಳುತ್ತಿದ್ದರು, ಕಸ್ತೂರಕ್ಕ ನಗುತ್ತಿದ್ದರು.

ಮುಂದಿನ ಭಾನುವಾರ ಸ್ಯಾನ್ ಡಿಯೇಗೋಗೆ ಹೋದೆವು. ಅಲ್ಲಿ ಮೀರಾ ಮೆಸಾದಲ್ಲಿ ನನ್ನ ತಮ್ಮ ಪ್ರಕಾಶ ಇದ್ದಾನೆ. ಬೆಂಗಳೂರಿಂದ ಬಂದು ದೊಡ್ಡ ಕಂಪನಿಯಲ್ಲಿ ದುಡಿದು, ಈಗ ಆರು ಜನರ ಸ್ವಂತ ಸಾಫ್ಟ್‌ವೇರ್ ಕಂಪನಿ ನಡೆಸುತ್ತಾನೆ. ಸಣ್ಣ ಉದ್ಯಮಿ. ಈ ಪ್ರಸ್ತಾಪ ಯಾರಿಗಾಗಿಯೋ ಅವರಲ್ಲೊಬ್ಬ. ಅವನಾದರೂ ನನ್ನ ತಲೆ ತಿಳಿ ಮಾಡುತ್ತಾನೆ ಎಂದುಕೊಂಡೆ. ಊಟಕ್ಕೆ ಕೂತಾಗ ವಿಷಯ ತೆಗೆದೆ. (ಗಂಟಿನ ವಿಷಯ ಹೇಳಲಿಲ್ಲ. ಅದು ನನ್ನದಲ್ಲ.)

"ಅಕ್ಕಾ, ನಾನಂತೂ ಸೇರಲ್ಲ" ಎಂದ ಪ್ರಕಾಶ.

"ಯಾಕೋ?"

"ನನ್ನ ಆಫೀಸಲ್ಲಿ ಎಲ್ಲರೂ ಮೂವತ್ತರ ಒಳಗಿನವರು. ಜಿಮ್‌ಗೆ ಹೋಗ್ತಾರೆ. ನಮಗೆ ಹೊರಗಡೆ ಒಳ್ಳೇ ರೇಟ್ ಸಿಗತ್ತೆ. ಆ ಗುಂಪಲ್ಲಿ ವಯಸ್ಸಾದವರು, ಕಾಯಿಲೆಯವರು. ಅವರ ಜೊತೆ ನಾನ್ಯಾಕೆ ಸೇರಲಿ?"

"ಮತ್ತೆ ಯಾರು ಸೇರ್ತಾರೆ?"

"ನಿನ್ನ ಕಸ್ತೂರಕ್ಕನಂಥವರು. ಹೊರಗೆ ಸಿಗದವರು."

"ಅವರು ಮಾತ್ರ ಸೇರಿದರೆ ಏನಾಗತ್ತೆ?"

"ನಿನ್ನ ಕಂತು ಏರತ್ತೆ."

"ಅವರು ಸೇರದೇ ಇದ್ದರೆ?"

"ಪೂರ್ತಿ ಕೆಟ್ಟ ಮೇಲೆ ಎಮರ್ಜೆನ್ಸಿಗೆ ಹೋಗ್ತಾರೆ. ಅವರಿಗೆ ಬಿಲ್ ಕಟ್ಟಕ್ಕಾಗಲ್ಲ. ಆಸ್ಪತ್ರೆಯವರು ಅದನ್ನ ಬೇರೆಯವರ ತಲೆಗೆ ಹಾಕ್ತಾರೆ. ಆಗಲೂ ನಿನ್ನ ಕಂತು ಏರತ್ತೆ."

ನಾನು ಕೈಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. "ಎರಡೂ ಕಡೆಯಿಂದ ನನ್ನ ಕಂತೇ ಏರೋದಾದರೆ, ನಾನು ಯಾವುದನ್ನ ವಿರೋಧಿಸಬೇಕು?"

"ಎಕನಾಮಿಕ್ಸ್ ಅಕ್ಕಾ, ಎಕನಾಮಿಕ್ಸ್" ಎಂದ. ಅದು ಉತ್ತರವೇ?

ಆಗ ಅಡುಗೆಮನೆಯಿಂದ ಅವನ ಹೆಂಡತಿ ವಿದ್ಯಾ ಮಜ್ಜಿಗೆ ತಂದಳು. ಅವಳು ಅಲ್ಲಿನ ಸರ್ಕಾರಿ ಶಾಲೆಗಳ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಲೋಟಗಳಿಗೆ ಬಗ್ಗಿಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು. "ಅತ್ತಿಗೆ, ಇವರ ಆಫೀಸಿನ ಹುಡುಗರಿಗೆ ಒಳ್ಳೇ ರೇಟ್ ಸಿಗತ್ತೆ ನಿಜ. ಇವರಿಗೆ ಬಿ.ಪಿ. ಇದೆಯಲ್ಲ, ಇವರು ಯಾರ ಇನ್ಶೂರೆನ್ಸಲ್ಲಿ ಇದ್ದಾರೆ ಕೇಳಿ."

ಪ್ರಕಾಶ ಮಜ್ಜಿಗೆ ಕುಡಿದ.

"ಕಂಪನಿ ತೆಗೀತೀನಿ ಅಂದಾಗ, ನೀನು ಮಾತ್ರ ಶಾಲೆ ಕೆಲಸ ಬಿಡಬೇಡ ವಿದ್ಯಾ ಅಂದಿದ್ದು ಇವರೇ. ನನಗೂ ಆ ಕೆಲಸ ಸಾಕಾಗಿತ್ತು. ಬಿಡಲಿಲ್ಲ" ಎಂದು ಒಳಗೆ ಹೋದಳು.

ಅಂದರೆ ಸರ್ಕಾರಿ ಗುಂಪಿಗೆ ತಾನಂತೂ ಸೇರಲ್ಲ ಎನ್ನುತ್ತಿದ್ದ ನನ್ನ ತಮ್ಮ, ಅಂಥದೇ ಒಂದು ಸರ್ಕಾರಿ ಗುಂಪಿನ ಬಾಗಿಲಿನ ಒಳಗೇ ಕೂತಿದ್ದ. ಹೆಂಡತಿಯ ಸೆರಗು ಹಿಡಿದು ಒಳಗೆ ಹೋಗಿದ್ದ. ನಮ್ಮ ರಘುವೂ ಹಾಗೇ ಅಲ್ಲವೇ? ಬರುವಾಗ ಕಾರಿನಲ್ಲಿ ಅದನ್ನು ಹೇಳಿದೆ. "ನಾನು ಡ್ರೈವ್ ಮಾಡ್ತಿದೀನಿ" ಎಂದರು ರಘು. ಅದೂ ಉತ್ತರವಲ್ಲ.

ಬೇಸಿಗೆ ಬಂತು. ಟಿ.ವಿ.ಯಲ್ಲಿ, ಪೇಪರಿನಲ್ಲಿ ಎಲ್ಲೆಲ್ಲೂ ಹೆಲ್ತ್ ಇನ್ಶೂರೆನ್ಸ್ ಮಾತೇ. ಒಬ್ಬ ರಾಜಕಾರಣಿಯ ಪ್ಲಾನ್ ಇನ್ನೊಬ್ಬರಿಗೆ ಆಗದು. ನಮ್ಮ ಪ್ರಸ್ತಾಪ ಯಾವುದೋ ಸಮಿತಿಗೆ ಹೋಗಿದೆ ಎಂದರು. ಆ ಸಮಿತಿಯಿಂದ ಇನ್ನೊಂದು ಸಮಿತಿಗೆ ಎಂದರು. ಸೋತಿತು ಎಂದು ಯಾರೂ ಹೇಳಲಿಲ್ಲ, ಗೆದ್ದಿತು ಎಂದೂ ಹೇಳಲಿಲ್ಲ. ಒಂದು ದಿನ ಅದರ ಸುದ್ದಿ ನಿಂತುಹೋಯಿತು, ಅಷ್ಟೆ.

ನಾನು ವಾರವಾರವೂ ಕಸ್ತೂರಕ್ಕನಿಗೆ ಫೋನ್ ಮಾಡಿ ಕ್ಲಿನಿಕ್‌ಗೆ ಹೋಗೋಣ ಅನ್ನುತ್ತಿದ್ದೆ. ಅವರು ಮುಂದಿನ ವಾರ ಅನ್ನುತ್ತಿದ್ದರು. ಗಂಟು ಹೇಗಿದೆ ಎಂದರೆ "ಐತಿ" ಅನ್ನುತ್ತಿದ್ದರು.

ಜುಲೈನಲ್ಲಿ ನಮ್ಮ ಕ್ಯಾಂಪಸ್ಸಿನ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ನೋಡಿದೆ. ನಾಟಕ ವಿಭಾಗಕ್ಕೆ ವೇಷಭೂಷಣ ಹೊಲಿಯುವವರು ಬೇಕಾಗಿದ್ದಾರೆ. ವಾರಕ್ಕೆ ಮೂವತ್ತು ಗಂಟೆ. ಕೆಳಗೆ ಸಣ್ಣ ಅಕ್ಷರದಲ್ಲಿ: ರಾಜ್ಯ ನೌಕರರ ಎಲ್ಲ ಸೌಲಭ್ಯಗಳೂ ಉಂಟು.

ಎರಡು ಸಲ ಓದಿದೆ. ಅಲ್ಲಿಂದಲೇ ಫೋನ್ ಮಾಡಿದೆ.

"ಅಂಗಡಿ?" ಎಂದರು ಕಸ್ತೂರಕ್ಕ. ಬೆಳಗ್ಗೆ ಮೂರು ಫ್ರೀವೇ ದಾಟಿ ಬಂದು, ಸಂಜೆ ಟ್ರಾಫಿಕ್‌ನಲ್ಲಿ ವಾಪಸ್ ಹೋಗಿ, ಆಮೇಲೆ ಅಂಗಡಿ ತೆರೆಯುವುದು ಸಾಧ್ಯವಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಫೋನಿನಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ಕೇಳಿಸುತ್ತಿತ್ತು. ಅದು ನಿಂತಿತು. "ಫಾರಂ ತುಂಬು" ಎಂದರು.

ತುಂಬಿದೆ. ಹೊಲಿಗೆಯ ಪರೀಕ್ಷೆ ಇತ್ತು. ಹಳೇ ಕಾಲದ ರಾಣಿಯೊಬ್ಬಳ ಉಬ್ಬು ತೋಳಿನ ಅಂಗಿಯ ಚಿತ್ರ ಕೊಟ್ಟು, ಒಂದು ತೋಳು ಹೊಲಿದು ತೋರಿಸಿ ಎಂದರಂತೆ. ಕಸ್ತೂರಕ್ಕ ಚಿತ್ರ ನೋಡಿ, ಬಟ್ಟೆಯನ್ನು ಕತ್ತರಿಸಿ, ಎರಡೂ ತೋಳು ಹೊಲಿದು ಕೊಟ್ಟು ಬಂದರು. "ಒಂದು ತೋಳು ಹೊಲದು ಹ್ಯಾಂಗ ಬಿಡೂದವಾ?" ಕೆಲಸ ಸಿಕ್ಕಿತು.

ಪ್ರಕಾಶನಿಗೆ ಫೋನಿನಲ್ಲಿ ಹೇಳಿದೆ. "ಅಂತೂ ಹಿಂದಿನ ಬಾಗಿಲಿಂದ ಒಳಗೆ ಬಿಟ್ಟೆ" ಎಂದು ನಕ್ಕ.

"ಹಿಂದಿನ ಬಾಗಿಲು ಯಾಕೋ? ಅವರು ಕೆಲಸ ಮಾಡ್ತಾರೆ."

"ಮೊದಲೂ ಕೆಲಸಾನೇ ಮಾಡ್ತಿದ್ದರಲ್ಲ ಅಕ್ಕಾ?" ಎಂದ. ಹೇಳಿದ ಮೇಲೆ ತಾನು ಯಾರ ಪರವಾಗಿ ಮಾತಾಡಿದೆ ಎಂದು ಅವನಿಗೇ ಗೊತ್ತಾಗದೆ, "ಸರಿ, ಇಡ್ತೀನಿ" ಎಂದ.

ಆಗಸ್ಟ್ ಕೊನೆಯ ಭಾನುವಾರ ಅಂಗಡಿ ಖಾಲಿ ಮಾಡಿದರು. ನಾನೂ ಹೋಗಿದ್ದೆ. ನೂಲಿನ ಉಂಡೆಗಳು, ಗುಂಡಿಯ ಡಬ್ಬಗಳು, ಹೆಂಗಸರ ಅಳತೆ ಬರೆದಿಟ್ಟ ಹತ್ತಾರು ನೋಟ್‌ಬುಕ್ಕು. ರೋಸಾ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದರು. ದೊಡ್ಡ ಮೆಷಿನ್ನನ್ನು ಕಸ್ತೂರಕ್ಕ ಅವರಿಗೇ ಕೊಟ್ಟುಬಿಟ್ಟರು. ಅದನ್ನು ಕಾರಿನ ಹಿಂದಿನ ಸೀಟಿಗೆ ಏರಿಸುವಾಗ ಮೂವರೂ ಏದುಸಿರು ಬಿಟ್ಟೆವು.

ರೋಸಾ ಅವರಿಗೆ ಇನ್ಶೂರೆನ್ಸ್ ಇದೆಯೇ? ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಆ ದಿನ ಕೇಳಿದೆ. ಅವರು ಆಕಾಶದ ಕಡೆ ಬೆರಳು ತೋರಿಸಿ ನಕ್ಕರು. ಆ ಪ್ರಸ್ತಾಪ ಪಾಸಾಗಿದ್ದರೆ ಅಂಗಡಿ ಉಳಿಯುತ್ತಿತ್ತು, ಬಹುಶಃ ಇಬ್ಬರೂ ಒಳಗೆ ಬರುತ್ತಿದ್ದರು. ಬಹುಶಃ ನನ್ನ ಕಂತು ಏರುತ್ತಿತ್ತು. ಬಹುಶಃ ಆ ರಸ್ತೆಯ ಮುದುಕರಿಗೆ ಕಷ್ಟವಾಗುತ್ತಿತ್ತು. ಬಹುಶಃ ಏನೂ ಆಗುತ್ತಿರಲಿಲ್ಲ. ಯಾರಿಗೆ ಗೊತ್ತು? ರೋಸಾ ಅವರ ಮೂರು ದಿನದ ಕೆಲಸ ಹೋದದ್ದು ಮಾತ್ರ ನನ್ನ ಕಣ್ಣೆದುರೇ.

ಮರುದಿನ ಕಸ್ತೂರಕ್ಕ ಕೆಲಸಕ್ಕೆ ಸೇರಿದಾಗ ಇನ್ಶೂರೆನ್ಸ್ ಫಾರಂ ತುಂಬಲು ನಾನು ಪಕ್ಕದಲ್ಲಿ ಕೂತಿದ್ದೆ. ಹೆಸರು, ಹುಟ್ಟಿದ ದಿನ, ಯಾವ ಪ್ಲಾನ್ ಬೇಕು, ಸಹಿ. ಅಷ್ಟೆ. ಕಸ್ತೂರಕ್ಕ ಹಾಳೆಯನ್ನು ಹಿಂದೆ ತಿರುಗಿಸಿ ನೋಡಿದರು. ಖಾಲಿ.

"ಉಳಿದ ಹಾಳಿ ಎಲ್ಲಿ?" ಎಂದರು.

"ಇಷ್ಟೇ ಕಸ್ತೂರಕ್ಕ."

"ಮೈಯಾಗ ಏನೈತಿ ಅಂತ ಕೇಳೂದಿಲ್ಲೇನು?"

"ಕೇಳಲ್ಲ."

ಅವರು ಸಹಿ ಹಾಕಿದರು. ಖುಷಿಯಾಗಬೇಕಿತ್ತಲ್ಲವೇ? ಮುಖ ನೋಡಿದರೆ ಯಾರೋ ಮೋಸ ಮಾಡಿದ ಹಾಗಿತ್ತು.

ಮುಂದಿನ ತಿಂಗಳ ಮೊದಲ ತಾರೀಖಿಗೆ ಇನ್ಶೂರೆನ್ಸ್ ಶುರುವಾಯಿತು. ಅದೇ ವಾರ ಡಾಕ್ಟರ್. ನಾನು ರಜೆ ಹಾಕಿ ಹೊರಗಡೆ ಕೂತೆ. ಮ್ಯಾಮೊಗ್ರಾಂ, ಆಮೇಲೆ ಸ್ಕ್ಯಾನ್, ಆಮೇಲೆ ಸೂಜಿ. ಗೋಡೆಯ ಮೇಲಿನ ಮೀನಿನ ಚಿತ್ರವನ್ನು ನಾನು ಎಷ್ಟು ಸಲ ನೋಡಿದೆನೋ. ಹತ್ತು ತಿಂಗಳು! ಹತ್ತು ತಿಂಗಳಲ್ಲಿ ಏನೇನು ಬೆಳೆಯಬಹುದು ಎಂದು ಓದಿ ಓದಿ ನನಗೆ ಬಾಯಿಪಾಠವಾಗಿತ್ತು.

ಬಾಗಿಲು ತೆರೆಯಿತು. ಕಸ್ತೂರಕ್ಕ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ಬಂದರು.

"ನೀರಿನ ಗುಳ್ಳಿಯಂತವಾ."

"ಏನು?"

"ನೀರು ತುಂಬಿದ ಗುಳ್ಳಿ. ಸೂಜಿ ಹಾಕಿ ಹೀರಿದ್ರು. ಗಂಟು ಹೋತು. ನೀರನ್ನ ಟೆಸ್ಟಿಗೆ ಕಳಸ್ತಾರಂತ. ಕ್ಯಾನ್ಸರ್ ಅಲ್ಲ ಅಂತ ಡಾಕ್ಟರ್ ನಕ್ಕೋತ ಹೇಳಿದ್ರು."

"ಹೀರಕ್ಕೆ ಎಷ್ಟು ಹೊತ್ತು ಹಿಡೀತು?"

"ಹತ್ತು ನಿಮಿಷ."

ಇಬ್ಬರೂ ಆ ಕುರ್ಚಿಗಳಲ್ಲೇ ಕೂತು ಅತ್ತೆವು. ಆಮೇಲೆ ನಕ್ಕೆವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಟಿಶ್ಯೂ ಡಬ್ಬ ನಮ್ಮ ಕಡೆ ಸರಿಸಿದರು. ಒಂದು ವಾರದ ಮೇಲೆ ಟೆಸ್ಟಿನ ರಿಪೋರ್ಟೂ ಬಂತು. ಏನೂ ಇಲ್ಲ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ವಾರ ಕ್ಯಾಂಪಸ್ಸಿನಲ್ಲಿ ಊಟದ ಹೊತ್ತಿಗೆ ಅವರನ್ನು ನೋಡಲು ಹೋದೆ. ಉದ್ದನೆಯ ಮೇಜು, ಅದರ ತುಂಬ ಯಾವುದೋ ಸೈನಿಕರ ಕೆಂಪು ಕೋಟುಗಳು. ಕಸ್ತೂರಕ್ಕ ತಲೆ ಬಗ್ಗಿಸಿಕೊಂಡು ಕೈಹೊಲಿಗೆ ಹಾಕುತ್ತಿದ್ದರು. ಅಲ್ಲಿಯವರೆಲ್ಲ ಅವರನ್ನು ಬಹಳ ಹೊಗಳುತ್ತಾರೆ. ಕೆಲಸವೂ ಕೆಟ್ಟದ್ದಲ್ಲ. ಆದರೆ ರೋಸಾ ಇಲ್ಲ. ದಿನವಿಡೀ ಮಾತಿಲ್ಲ.

"ಬ್ಲೌಸ್ ಹೊಲಿಯೂದು ಕೈಗೆ ಮರ್ತೈತಿ" ಎಂದರು.

"ಕಸ್ತೂರಕ್ಕ, ಈಗಂತೂ ಏನೂ ಇಲ್ಲ ಅಂತ ಗೊತ್ತಾಯ್ತಲ್ಲ. ಸ್ವಲ್ಪ ದಿನ ಬಿಟ್ಟು ಅಂಗಡಿ ಮತ್ತೆ ತೆಗೀಬಹುದಲ್ಲ?"

ಅವರು ದಾರ ಕಚ್ಚಿ ಹರಿದು ನನ್ನನ್ನು ನೋಡಿದರು. "ತಗದ್ರ ಇದು ಹೋಗತೈತಿ. ಗಡುವಿನೊಳಗ ಹೋದ್ರ ಕೊಡ್ತಾರ ಖರೆ, ಆದ್ರ ಆ ಕಂತು ಅಂಗಡಿ ದುಡ್ಡಿನ್ಯಾಗ ಕಟ್ಟಾಕ ಆಗೂದಿಲ್ಲ. ಹೊಸಾ ಫಾರಂ ತುಂಬಬೇಕು. ಮೊದಲು ಒಂದು ಗಂಟು ಬರದಿದ್ದೆ. ಈಗ ಎರಡು ಬರೀಬೇಕು."

"ಎರಡೂ ಏನೂ ಅಲ್ಲವಲ್ಲ!"

"ಅದಕ್ಕ ಅಲ್ಲವಾ ಬ್ಯಾಡ ಅಂದಿದ್ದು?"

ನಾನು ಒಂದು ಕೋಟಿನ ಗುಂಡಿ ಎಣಿಸುತ್ತಾ ನಿಂತೆ. ನಿವೃತ್ತಿಯವರೆಗೂ ಅಲ್ಲೇ ಇರುತ್ತಾರಂತೆ. ಇನ್ನೂ ಹದಿನಾಲ್ಕು ವರ್ಷ. ನಮ್ಮ ಗುಂಪಿಗೆ ಒಬ್ಬ ಆರೋಗ್ಯವಂತ ಸದಸ್ಯೆ ಸಿಕ್ಕಿದರು. ಪ್ರಕಾಶನ ಎಕನಾಮಿಕ್ಸ್ ಪ್ರಕಾರ ನನ್ನ ಕಂತು ಇಳಿಯಬೇಕು. ವೆಸ್ಟ್ ಕೊವಿನಾದ 'ಬಾಡಿಗೆಗೆ ಇದೆ' ಬೋರ್ಡು ಇನ್ನೂ ಹಾಗೇ ನೇತಾಡುತ್ತಿದೆ.

ಪರವೋ ವಿರೋಧವೋ ಎಂದು ತೀರ್ಮಾನಿಸಲು ನನಗೆ ಈಗಲೂ ಬರುವುದಿಲ್ಲ. ಪಂಡಿತರು ಬೈದರೆ ಬೈಸಿಕೊಳ್ಳುತ್ತೇನೆ. ನನ್ನದು ಒಂದೇ ಸಣ್ಣ ಪ್ರಶ್ನೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಯಾವ ರೋಗವೂ ಇಲ್ಲ ಎಂದು ಡಾಕ್ಟರೇ ಬರೆದುಕೊಟ್ಟ ಹೆಂಗಸೊಬ್ಬಳು, ರೋಗದ ಭಯಕ್ಕೆ ತನ್ನ ಅಂಗಡಿಯ ಬಾಗಿಲು ತೆರೆಯಲಾರಳು ಎಂದರೆ, ಚಿಕಿತ್ಸೆ ಕೊಡಬೇಕಾದದ್ದು ಯಾರಿಗೆ?